ಎಂಜಿನಿನ ಬೆಲ್ಟುಗಳು: ನೋಡಿ ಬದಲಿಸುವುದು ಯಾವುದು, ಎಣಿಸಿ ಬದಲಿಸುವುದು ಯಾವುದು?

ವಾಹನವಿಟ್ಟುಕೊಂಡಿರುವ ಪ್ರತಿಯೊಬ್ಬ ವರ್ತಕನ ಲೆಕ್ಕದ ಪುಸ್ತಕದಲ್ಲಿಯೂ ಆ ವಾಹನಕ್ಕೆಂದು ಒಂದು ಪುಟ ಇದ್ದೇ ಇರುತ್ತದೆ. ಡೀಸೆಲ್ಲಿನ ಖರ್ಚು, ಟೈರುಗಳ ಬೆಲೆ, ವಿಮೆಯ ಕಂತು, ರಸ್ತೆ ತೆರಿಗೆ, ಚಾಲಕನ ಭತ್ಯೆ ಎಲ್ಲವೂ ಅಲ್ಲಿ ದಿನಾಂಕಸಹಿತ ನಮೂದಾಗಿರುತ್ತವೆ. ಆದರೆ ಎಂಜಿನಿನ ಬೆಲ್ಟನ್ನು ಯಾವ ದಿನ, ಎಷ್ಟು ಕಿಲೋಮೀಟರಿಗೆ ಬದಲಾಯಿಸಲಾಯಿತು ಎಂಬ ನಮೂದು ಕಾಣಸಿಗುವುದು ವಿರಳ. ಬೆಲ್ಟು ಅಗ್ಗದ ವಸ್ತು. ಹೋದಾಗ ಹಾಕಿಸಿದರಾಯಿತು ಎಂಬ ಭಾವನೆಯೇ ಇದಕ್ಕೆ ಕಾರಣ.

ಈ ಭಾವನೆ ಒಂದು ಬಗೆಯ ಬೆಲ್ಟಿನ ಮಟ್ಟಿಗೆ ಬಹುಪಾಲು ಸರಿ. ಇನ್ನೊಂದು ಬಗೆಯ ಬೆಲ್ಟಿನ ಮಟ್ಟಿಗೆ ತೀರ ತಪ್ಪು. ಎಂಜಿನಿನಲ್ಲಿರುವ ಬೆಲ್ಟುಗಳಲ್ಲಿ ಕೆಲವನ್ನು ಕಣ್ಣಿನಿಂದ ನೋಡಿ, ಸದ್ದನ್ನು ಕೇಳಿ ಬದಲಾಯಿಸಬಹುದು. ಮತ್ತೊಂದನ್ನು ಕಿಲೋಮೀಟರನ್ನೂ ವರ್ಷವನ್ನೂ ಎಣಿಸಿಯೇ ಬದಲಾಯಿಸಬೇಕು. ಅದು ಕೆಟ್ಟುಹೋಗುವುದನ್ನು ಕಾಯುವಂತಿಲ್ಲ. ಈ ಎರಡರ ವ್ಯತ್ಯಾಸ ತಿಳಿಯದೆ ಕೆಲವು ಸಾವಿರ ರೂಪಾಯಿಗಳಲ್ಲಿ ಮುಗಿಯಬೇಕಾದ ಕೆಲಸಕ್ಕೆ ಹತ್ತಾರು ಸಾವಿರ ರೂಪಾಯಿಗಳನ್ನು ತೆರುವ ಪ್ರಸಂಗಗಳು ಎಲ್ಲ ಊರುಗಳ ಗ್ಯಾರೇಜುಗಳಲ್ಲಿಯೂ ಕಂಡುಬರುತ್ತವೆ. ಒಂದೇ ವಾಹನವನ್ನು ನಂಬಿ ಸರಕು ಸಾಗಿಸುವ ಸಣ್ಣ ಉದ್ಯಮಿಗೆ ದುರಸ್ತಿಯ ವೆಚ್ಚಕ್ಕಿಂತಲೂ ವಾಹನ ನಿಂತ ದಿನಗಳ ನಷ್ಟವೇ ದೊಡ್ಡದು. ಆದಕಾರಣ ಈ ವಿಷಯವನ್ನು ಸ್ವಲ್ಪ ವಿವರವಾಗಿ ಅರಿಯುವುದು ಉಚಿತ.

ಹಿಡಿತದ ಬೆಲ್ಟು, ಹಲ್ಲಿನ ಬೆಲ್ಟು

ಒಂದು ತಿರುಗುವ ದಂಡದ ಶಕ್ತಿಯನ್ನು ದೂರದಲ್ಲಿರುವ ಮತ್ತೊಂದು ದಂಡಕ್ಕೆ ಮುಟ್ಟಿಸುವುದೇ ಬೆಲ್ಟಿನ ಕೆಲಸ. ಊರಿನ ಹಿಟ್ಟಿನ ಗಿರಣಿಯಲ್ಲಿ ಮೋಟಾರಿನಿಂದ ಕಲ್ಲಿಗೆ ಓಡುವ ಪಟ್ಟಿಯನ್ನು ನೋಡದವರಿಲ್ಲ. ಕಾರಿನ ಎಂಜಿನಿನಲ್ಲಿ ನಡೆಯುವುದೂ ಅದೇ. ಎಂಜಿನಿನ ಮುಖ್ಯ ದಂಡವಾದ ಕ್ರ್ಯಾಂಕ್ ಷಾಫ್ಟಿನ ತುದಿಯಲ್ಲಿರುವ ಪುಲ್ಲಿಯಿಂದ ಬೆಲ್ಟು ಹೊರಟು ಇತರ ಭಾಗಗಳನ್ನು ತಿರುಗಿಸುತ್ತದೆ.

ತಿರುಗಿಸುವ ವಿಧಾನದಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಘರ್ಷಣೆಯಿಂದ, ಅಂದರೆ ಹಿಡಿತದಿಂದ ತಿರುಗಿಸುವುದು. ಇಲ್ಲಿ ಬೆಲ್ಟು ಅಲ್ಪ ಪ್ರಮಾಣದಲ್ಲಿ ಜಾರಿದರೂ ಕೆಲಸ ಕೆಡುವುದಿಲ್ಲ. ಎರಡನೆಯದು ಹಲ್ಲುಗಳಿಂದ ತಿರುಗಿಸುವುದು. ಇಲ್ಲಿ ಒಂದೇ ಒಂದು ಹಲ್ಲು ಜಾರಿದರೂ ಲೆಕ್ಕ ತಪ್ಪುತ್ತದೆ. ಆಲ್ಟರ್ನೇಟರ್, ನೀರಿನ ಪಂಪು, ಏಸಿ ಕಂಪ್ರೆಸರ್ ಮೊದಲಾದವುಗಳನ್ನು ತಿರುಗಿಸುವುದು ಸಾಮಾನ್ಯವಾಗಿ ಹಿಡಿತದ ಬೆಲ್ಟು. ಎಂಜಿನಿನ ಕವಾಟಗಳನ್ನು ಕಾಲಕ್ಕೆ ಸರಿಯಾಗಿ ತೆರೆಯಿಸಿ ಮುಚ್ಚಿಸುವುದು ಹಲ್ಲಿನ ಬೆಲ್ಟು. ಇದನ್ನೇ ಟೈಮಿಂಗ್ ಬೆಲ್ಟ್ ಎನ್ನುತ್ತಾರೆ.

ಫ್ಯಾನ್ ಬೆಲ್ಟ್: ಹೆಸರು ಉಳಿಯಿತು, ಕೆಲಸ ಬದಲಾಯಿತು

ಹಳೆಯ ಅಂಬಾಸಡರ್ ಕಾರಿನ ಬಾನೆಟ್ ಎತ್ತಿದರೆ ರೇಡಿಯೇಟರಿನ ಹಿಂದೆ ಫ್ಯಾನು, ಅದನ್ನು ತಿರುಗಿಸುವ ಬೆಲ್ಟು ಎದುರಿಗೇ ಕಾಣುತ್ತಿದ್ದವು. ಫ್ಯಾನ್ ಬೆಲ್ಟ್ ಎಂಬ ಹೆಸರು ಹುಟ್ಟಿದ್ದು ಹೀಗೆ. 1983ರಲ್ಲಿ ಮಾರುತಿ 800 ರಸ್ತೆಗಿಳಿದಾಗ ಎಂಜಿನ್ ಅಡ್ಡಲಾಗಿ ಕುಳಿತಿತ್ತು. ಫ್ಯಾನು ವಿದ್ಯುತ್ ಮೋಟಾರಿನಿಂದ ತಿರುಗತೊಡಗಿತು. ಅಂತಹ ವಾಹನಗಳಲ್ಲಿ ಬೆಲ್ಟಿಗೂ ಫ್ಯಾನಿಗೂ ಸಂಬಂಧವೇ ಇಲ್ಲವಾದರೂ ಅಂಗಡಿಯಲ್ಲಿಯೂ ಗ್ಯಾರೇಜಿನಲ್ಲಿಯೂ ಹಳೆಯ ಹೆಸರೇ ಉಳಿದುಕೊಂಡಿದೆ.

ಈ ಬೆಲ್ಟಿನ ಅಡ್ಡಕೊಯ್ತ ಆಂಗ್ಲ ಭಾಷೆಯ ‘ವಿ’ ಅಕ್ಷರದಂತಿರುವುದರಿಂದ ಅದಕ್ಕೆ ವಿ-ಬೆಲ್ಟ್ ಎಂದು ಹೆಸರು. ಅಮೆರಿಕದ ಡೆನ್ವರ್ ನಗರದ ಜಾನ್ ಗೇಟ್ಸ್ 1917ರಲ್ಲಿ ರಬ್ಬರು ಮತ್ತು ನೂಲಿನಿಂದ ಇಂತಹ ಬೆಲ್ಟನ್ನು ರೂಪಿಸಿದರು. ಅದಕ್ಕೂ ಮೊದಲು ಚರ್ಮದ ಚಪ್ಪಟೆ ಪಟ್ಟಿ ಮತ್ತು ಹಗ್ಗಗಳು ಬಳಕೆಯಲ್ಲಿದ್ದವು. ವಿ-ಬೆಲ್ಟಿನ ಹೆಚ್ಚುಗಾರಿಕೆಯು ಅದರ ಆಕಾರದಲ್ಲಿದೆ. ಬೆಲ್ಟನ್ನು ಬಿಗಿಗೊಳಿಸಿದಾಗ ಅದು ಪುಲ್ಲಿಯ ತೋಡಿನೊಳಗೆ ಬೆಣೆಯಂತೆ ಇಳಿದು ಎರಡೂ ಪಕ್ಕಗಳನ್ನು ಒತ್ತುತ್ತದೆ. ಪಕ್ಕಗಳ ನಡುವಿನ ಕೋನ ಸುಮಾರು 40 ಡಿಗ್ರಿ ಇದ್ದಾಗ ಅದೇ ಬಿಗಿತದ ಚಪ್ಪಟೆ ಬೆಲ್ಟಿಗಿಂತ ಘರ್ಷಣೆಯ ಹಿಡಿತ ಸುಮಾರು 3 ಪಟ್ಟು ಹೆಚ್ಚುತ್ತದೆ. ಹೀಗಾಗಿ ಚಿಕ್ಕ ಪುಲ್ಲಿ, ಕಿರಿದಾದ ಬೆಲ್ಟಿನಿಂದಲೇ ಹೆಚ್ಚಿನ ಶಕ್ತಿಯನ್ನು ಸಾಗಿಸಲು ಸಾಧ್ಯವಾಯಿತು.

ಹಿಡಿತವಿರುವುದು ಪಕ್ಕಗಳಲ್ಲೇ ಹೊರತು ತಳದಲ್ಲಿ ಅಲ್ಲ ಎಂಬುದನ್ನು ನೆನಪಿಡಬೇಕು. ಬೆಲ್ಟು ಸವೆದು ತೋಡಿನ ತಳಕ್ಕೆ ತಾಗಿ ಓಡತೊಡಗಿದರೆ ಎಷ್ಟು ಬಿಗಿಗೊಳಿಸಿದರೂ ಅದು ಜಾರುತ್ತಲೇ ಇರುತ್ತದೆ. ತೋಡಿನ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಈ ಸ್ಥಿತಿ ಬಂದಿದೆ ಎಂದು ತಿಳಿಯಬಹುದು. ಆಗ ಬೆಲ್ಟಿನ ಜೊತೆಗೆ ಪುಲ್ಲಿಯನ್ನೂ ಪರೀಕ್ಷಿಸಬೇಕು.

ಬಿಗಿತವನ್ನು ನೋಡಲು ಸುಲಭ ವಿಧಾನವಿದೆ. ಎಂಜಿನ್ ನಿಲ್ಲಿಸಿ, ಕೀಲಿಯನ್ನು ತೆಗೆದು, ಎರಡು ಪುಲ್ಲಿಗಳ ನಡುವಿನ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿದಾಗ ಬೆಲ್ಟು ಸುಮಾರು 10 ಮಿ.ಮೀ. ತಗ್ಗುವುದು ಸಾಮಾನ್ಯ ಅಳತೆ. ಹೆಚ್ಚು ಸಡಿಲವಾದರೆ ಜಾರಿ ಕಾಯುತ್ತದೆ. ಹೆಚ್ಚು ಬಿಗಿಯಾದರೆ ಆಲ್ಟರ್ನೇಟರ್ ಮತ್ತು ನೀರಿನ ಪಂಪಿನ ಬೇರಿಂಗುಗಳು ಅಕಾಲದಲ್ಲಿ ಸವೆಯುತ್ತವೆ. ಎಂಜಿನ್ ನಿಂತಿದ್ದರೂ ಬಿಸಿಯಿದ್ದಾಗ ವಿದ್ಯುತ್ ಫ್ಯಾನು ತಾನಾಗಿಯೇ ತಿರುಗುವ ಸಂಭವವಿರುವುದರಿಂದ ಕೈಯನ್ನು ಜಾಗರೂಕತೆಯಿಂದ ಇಡತಕ್ಕದ್ದು.

ಹಲವು ಏಣುಗಳ ಒಂದೇ ಬೆಲ್ಟು

ವಾಹನಗಳಿಗೆ ಪವರ್ ಸ್ಟೀರಿಂಗ್, ಏಸಿ ಮೊದಲಾದ ಸೌಕರ್ಯಗಳು ಸೇರಿದಂತೆಲ್ಲ ಬೆಲ್ಟುಗಳ ಸಂಖ್ಯೆಯೂ ಬೆಳೆಯಿತು. ಒಳಗಿನ ಬೆಲ್ಟನ್ನು ಬದಲಾಯಿಸಲು ಹೊರಗಿನ ಎರಡನ್ನು ಬಿಚ್ಚಬೇಕಾದ ತೊಡಕು ಉಂಟಾಯಿತು. ಇದಕ್ಕೆ ಪರಿಹಾರವಾಗಿ ಬಂದದ್ದು ಅಗಲವಾದ, ಒಳಮೈಯಲ್ಲಿ ಉದ್ದಕ್ಕೂ ಏಣುಗಳಿರುವ ತೆಳು ಬೆಲ್ಟು. ಅನೇಕ ಸಣ್ಣ ವಿ-ಬೆಲ್ಟುಗಳನ್ನು ಪಕ್ಕಪಕ್ಕದಲ್ಲಿ ಅಂಟಿಸಿದಂತೆ ಇದು ಕಾಣುತ್ತದೆ. ತೆಳುವಾಗಿರುವುದರಿಂದ ಹಿಂದಕ್ಕೂ ಮುಂದಕ್ಕೂ ಬಾಗಬಲ್ಲದು. ಹಾವಿನಂತೆ ಎಲ್ಲ ಪುಲ್ಲಿಗಳನ್ನೂ ಸುತ್ತಿ ಬರುತ್ತದೆ. ಸರ್ಪೆಂಟೈನ್ ಬೆಲ್ಟ್ ಎಂಬ ಹೆಸರು ಬಂದದ್ದು ಅದರಿಂದಲೇ. ಹೆಚ್ಚಿನ ಸಂಖ್ಯೆಯಲ್ಲಿ ತಯಾರಾದ ಕಾರುಗಳ ಪೈಕಿ 1979ರ ಫೋರ್ಡ್ ಮಸ್ಟಾಂಗ್ ಇದನ್ನು ಮೊದಲಿಗೆ ಅಳವಡಿಸಿಕೊಂಡಿತು. ಇಂದು ಹೆಚ್ಚಿನ ಕಾರುಗಳಲ್ಲಿರುವುದು ಇದೇ ಬಗೆ.

ಇದರ ಬೆನ್ನ ಮೇಲಿನ ಸಂಖ್ಯೆಯನ್ನು ಓದುವುದು ಕಷ್ಟವಲ್ಲ. ‘6 ಪಿಕೆ 1550’ ಎಂದಿದ್ದರೆ ಏಣುಗಳು 6, ಏಣಿನ ಮಾದರಿ ಪಿಕೆ, ಉದ್ದ 1550 ಮಿ.ಮೀ. ಎಂದರ್ಥ. ಪಿಕೆ ಮಾದರಿಯಲ್ಲಿ ಒಂದು ಏಣಿನಿಂದ ಮತ್ತೊಂದಕ್ಕೆ 3.56 ಮಿ.ಮೀ. ಅಂತರವಿರುತ್ತದೆ. ಏಣುಗಳ ಸಂಖ್ಯೆ ಸರಿಯಿದ್ದು ಉದ್ದದಲ್ಲಿ ಅಲ್ಪ ವ್ಯತ್ಯಾಸವಿರುವ ಬೆಲ್ಟನ್ನು ‘ಹೊಂದುತ್ತದೆ’ ಎಂದು ಹಾಕಿಬಿಡುವುದುಂಟು. ಬಿಗಿತವನ್ನು ಕಾಯುವ ಟೆನ್ಷನರ್ ತನ್ನ ಮಿತಿಯ ಅಂಚಿಗೆ ಹೋಗಿ ನಿಂತಾಗ ಅದರ ಫಲ ತಿಳಿಯುತ್ತದೆ.

ಬೆಲ್ಟಿನ ರಬ್ಬರಿನಲ್ಲಿಯೂ ಬದಲಾವಣೆಯಾಗಿದೆ. ಹಿಂದಿನ ನಿಯೋಪ್ರೀನ್ ಬೆಲ್ಟುಗಳು ಹಳತಾದಂತೆ ಅಡ್ಡಡ್ಡ ಬಿರುಕು ಬಿಡುತ್ತಿದ್ದವು. ಬಿರುಕು ಕಂಡೊಡನೆ ಬದಲಾಯಿಸುವುದು ವಾಡಿಕೆಯಾಗಿತ್ತು. ಈಗ ಬಳಕೆಯಲ್ಲಿರುವ ಇಪಿಡಿಎಂ ರಬ್ಬರು ಶಾಖವನ್ನು ಹೆಚ್ಚು ತಾಳುತ್ತದೆ, ಸುಲಭವಾಗಿ ಬಿರುಕು ಬಿಡುವುದಿಲ್ಲ. ಅದು ಟೈರಿನಂತೆ ಸದ್ದಿಲ್ಲದೆ ಸವೆಯುತ್ತದೆ. ಏಣುಗಳ ನಡುವಿನ ತೋಡು ಅಗಲವಾಗಿ ಹಿಡಿತ ಕುಂದುತ್ತದೆ. ಆದ್ದರಿಂದ ಬಿರುಕು ಇಲ್ಲವೆಂಬುದೊಂದೇ ಬೆಲ್ಟು ಚೆನ್ನಾಗಿದೆ ಎಂಬುದಕ್ಕೆ ಪ್ರಮಾಣವಾಗದು. ತೋಡಿನ ಆಳವನ್ನು ಅಳೆಯುವ ಸಣ್ಣ ಅಳತೆಪಟ್ಟಿಗಳು ದೊರೆಯುತ್ತವೆ; ಗ್ಯಾರೇಜಿನವರು ಅವನ್ನು ಬಳಸುವಂತೆ ಕೇಳಿಕೊಳ್ಳಬಹುದು.

ಹಿಡಿತದ ಬೆಲ್ಟು ತುಂಡಾದರೆ

ಈ ಬೆಲ್ಟುಗಳು ಬಹುಮಟ್ಟಿಗೆ ಮುನ್ಸೂಚನೆ ಕೊಟ್ಟೇ ಹೋಗುತ್ತವೆ. ಬೆಳಗಿನ ಹೊತ್ತು ಎಂಜಿನ್ ಚಾಲೂ ಮಾಡಿದಾಗ ಅಥವಾ ಮಳೆಯಲ್ಲಿ ನೀರು ಸಿಡಿದಾಗ ಬರುವ ಕಿರ್ರೆಂಬ ಸದ್ದು, ಅಂಚಿನಲ್ಲಿ ನೂಲು ಬಿಚ್ಚಿಕೊಳ್ಳುವುದು, ಹೊಳಪು, ಬಿರುಕು ಇವೆಲ್ಲ ಸೂಚನೆಗಳು. ಸದ್ದು ಬಂದಾಗ ಸೋಪು ಸವರುವುದು, ಅಂಟುದ್ರವ ಸಿಂಪಡಿಸುವುದು ಚಿಕಿತ್ಸೆಯಲ್ಲ. ಸದ್ದಿಗೆ ಕಾರಣ ಸಡಿಲವೋ, ಸವೆತವೋ, ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲದಿರುವುದೋ ಎಂಬುದನ್ನು ಪತ್ತೆ ಮಾಡಿಸಬೇಕು.

ದಾರಿಯಲ್ಲಿ ಬೆಲ್ಟು ತುಂಡಾದಾಗ ಮೊದಲಿಗೆ ಉರಿಯುವುದು ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪ. ‘ಬ್ಯಾಟರಿ ತಾನೇ, ಊರು ಸೇರಿದ ಮೇಲೆ ನೋಡೋಣ’ ಎಂದು ಚಾಲಕರು ಮುಂದೆ ಓಡಿಸುವುದುಂಟು. ಅಪಾಯವಿರುವುದು ಇಲ್ಲಿಯೇ. ಅನೇಕ ಎಂಜಿನುಗಳಲ್ಲಿ ನೀರಿನ ಪಂಪು ತಿರುಗುವುದೂ ಅದೇ ಬೆಲ್ಟಿನಿಂದ. ಪಂಪು ನಿಂತ ಕೆಲವೇ ನಿಮಿಷಗಳಲ್ಲಿ ಎಂಜಿನ್ ಕಾಯ್ದು ಹೆಡ್ ಗ್ಯಾಸ್ಕೆಟ್ ಸುಡಬಹುದು, ಸಿಲಿಂಡರ್ ಹೆಡ್ ಸೊಟ್ಟಗಾಗಬಹುದು. ಘಟ್ಟದ ಏರಿನಲ್ಲಿ ಭಾರ ಹೊತ್ತ ವಾಹನಕ್ಕಂತೂ ಕಾಯಲು ಹೆಚ್ಚು ಹೊತ್ತು ಬೇಡ. ಕೆಲವು ಡೀಸೆಲ್ ವಾಹನಗಳಲ್ಲಿ ಬ್ರೇಕಿಗೆ ನೆರವಾಗುವ ನಿರ್ವಾತ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಜೋಡಣೆಯಾಗಿರುತ್ತದೆ. ಅಂತಹ ವಾಹನದಲ್ಲಿ ಬೆಲ್ಟು ಹೋದರೆ ಬ್ರೇಕ್ ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ. ಎಂಜಿನಿನಿಂದ ನಡೆಯುವ ಪವರ್ ಸ್ಟೀರಿಂಗ್ ಇದ್ದರೆ ಸ್ಟೀರಿಂಗೂ ಭಾರವಾಗುತ್ತದೆ. ಆದುದರಿಂದ ಬ್ಯಾಟರಿ ದೀಪ ಉರಿದೊಡನೆ ವಾಹನವನ್ನು ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಬೆಲ್ಟನ್ನು ನೋಡಬೇಕೆಂದು ಪ್ರತಿಯೊಬ್ಬ ಚಾಲಕನಿಗೂ ಹೇಳಿರಬೇಕು. ಹಾಗೆ ನಿಲ್ಲಿಸಿದರೆ ಹೊಸ ಬೆಲ್ಟಿನ ಬೆಲೆಯಲ್ಲಿಯೇ ಪ್ರಕರಣ ಮುಗಿಯುತ್ತದೆ.

ಟೈಮಿಂಗ್ ಬೆಲ್ಟ್: ಎಂಜಿನಿನ ಲೆಕ್ಕಿಗ

ಕಾರಿನ ನಾಲ್ಕು ಹಂತದ ಎಂಜಿನಿನಲ್ಲಿ ಗಾಳಿ ಒಳಬರುವ ಕವಾಟ, ಹೊಗೆ ಹೊರಹೋಗುವ ಕವಾಟ ಎರಡೂ ಪಿಸ್ಟನ್ನಿನ ಚಲನೆಗೆ ತಕ್ಕಂತೆ ತೆರೆದು ಮುಚ್ಚಬೇಕು. ಪಿಸ್ಟನ್ ಅನ್ನು ಚಲಿಸುವುದು ಕ್ರ್ಯಾಂಕ್ ಷಾಫ್ಟ್; ಕವಾಟಗಳನ್ನು ತೆರೆಯುವುದು ಕ್ಯಾಮ್ ಷಾಫ್ಟ್. ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್ ನಿಖರವಾಗಿ ಒಂದು ಸುತ್ತು ತಿರುಗಬೇಕು. ಅದಕ್ಕಾಗಿ ಕ್ಯಾಮ್ ಚಕ್ರದ ಹಲ್ಲುಗಳು ಕ್ರ್ಯಾಂಕ್ ಚಕ್ರದ ಹಲ್ಲುಗಳ ಇಮ್ಮಡಿ ಇರುತ್ತವೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಕವಾಟ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುತ್ತದೆ. ಈ ತಾಳ ತಪ್ಪದಂತೆ ಕಾಯುವುದೇ ಟೈಮಿಂಗ್ ಬೆಲ್ಟಿನ ಹೊಣೆ.

ಹಿಂದೆ ಈ ಕೆಲಸವನ್ನು ಹಲ್ಲುಚಕ್ರಗಳು ಅಥವಾ ಉಕ್ಕಿನ ಚೈನು ಮಾಡುತ್ತಿದ್ದವು. ಕ್ಯಾಮ್ ಷಾಫ್ಟ್ ಎಂಜಿನಿನ ನೆತ್ತಿಗೆ ಏರಿದ ಮೇಲೆ ಎರಡು ದಂಡಗಳ ನಡುವಿನ ಅಂತರ ಹೆಚ್ಚಿತು. ಹಗುರವಾದ, ಸದ್ದಿಲ್ಲದ, ಎಣ್ಣೆ ಬೇಡದ, ಕಡಿಮೆ ಬೆಲೆಯ ಹಲ್ಲಿನ ಬೆಲ್ಟು ಆಗ ಆಕರ್ಷಕವಾಗಿ ಕಂಡಿತು. ಹೆಚ್ಚಿನ ಸಂಖ್ಯೆಯ ತಯಾರಿಕೆಯಲ್ಲಿ ಇದನ್ನು ಮೊದಲು ಬಳಸಿದ ಕಾರು ಜರ್ಮನಿಯ ಗ್ಲಾಸ್ ಕಂಪೆನಿಯ 1004 ಮಾದರಿ. ಅದು ಮಾರುಕಟ್ಟೆಗೆ ಬಂದದ್ದು 1962ರಲ್ಲಿ. ನಮ್ಮ ದೇಶದಲ್ಲಿ ಮಾರುತಿ 800 ಹಾಗೂ ವರ್ತಕರಿಗೆ ಅಚ್ಚುಮೆಚ್ಚಾಗಿದ್ದ ಓಮ್ನಿ ವ್ಯಾನು ಟೈಮಿಂಗ್ ಬೆಲ್ಟನ್ನು ಮನೆಮಾತಾಗಿಸಿದವು. 1998ರಲ್ಲಿ ಬಂದ ಟಾಟಾ ಇಂಡಿಕಾ ಡೀಸೆಲ್, 2005ರಿಂದ 2016ರವರೆಗೆ ನಮ್ಮ ಬಿಡದಿಯಲ್ಲಿ ತಯಾರಾದ ಟೊಯೊಟಾ ಇನ್ನೋವಾದ 2.5 ಲೀಟರ್ ಡೀಸೆಲ್ ಎಂಜಿನ್ ಕೂಡ ಬೆಲ್ಟಿನವೇ.

ಬೆಲ್ಟಿನ ಹಲ್ಲುಗಳು ರಬ್ಬರಿನವಾದರೂ ಅದರ ಬಲವಿರುವುದು ಒಳಗಿನ ಗಾಜಿನ ನಾರಿನ ಎಳೆಗಳಲ್ಲಿ. ಈ ಎಳೆಗಳು ಹಿಗ್ಗುವುದಿಲ್ಲ. ಆದ್ದರಿಂದಲೇ ತಾಳ ತಪ್ಪುವುದಿಲ್ಲ. ಆದರೆ ಲೆಕ್ಕವಿಲ್ಲದಷ್ಟು ಬಾರಿ ಬಾಗಿ ಬಾಗಿ ಅವು ಒಳಗೊಳಗೇ ದಣಿಯುತ್ತವೆ. ಹೊರಮೈ ನಯವಾಗಿಯೇ ಕಾಣುತ್ತಿರುತ್ತದೆ. ಅಲ್ಲದೆ ಈ ಬೆಲ್ಟು ಮುಚ್ಚಳದೊಳಗೆ ಅಡಗಿರುತ್ತದೆ, ಕಿರುಗುಟ್ಟುವುದಿಲ್ಲ, ದೀಪ ಉರಿಸುವುದಿಲ್ಲ. ಹೋಗುವ ದಿನ ಒಮ್ಮೆಲೇ ಹೋಗುತ್ತದೆ.

ಹೋದಾಗ ಆಗುವುದೇನು? ಕ್ಯಾಮ್ ನಿಂತಲ್ಲೇ ನಿಲ್ಲುತ್ತದೆ. ಕೆಲವು ಕವಾಟಗಳು ತೆರೆದ ಸ್ಥಿತಿಯಲ್ಲಿ ಉಳಿಯುತ್ತವೆ. ಓಟದ ರಭಸದಲ್ಲಿರುವ ಕ್ರ್ಯಾಂಕ್ ಇನ್ನೂ ಕೆಲವು ಸುತ್ತು ತಿರುಗುತ್ತದೆ. ಎಂಜಿನಿನ ವಿನ್ಯಾಸದಲ್ಲಿ ಕವಾಟಕ್ಕೂ ಪಿಸ್ಟನ್ನಿಗೂ ಸಾಕಷ್ಟು ಅಂತರವಿದ್ದರೆ ವಾಹನ ನಿಲ್ಲುತ್ತದೆ, ಅಷ್ಟೆ. ಅಂತರವಿಲ್ಲದಿದ್ದರೆ ಪಿಸ್ಟನ್ ಮೇಲೆದ್ದು ತೆರೆದ ಕವಾಟಕ್ಕೆ ಹೊಡೆಯುತ್ತದೆ. ಕವಾಟ ಬಾಗುತ್ತದೆ, ಅದರ ಗೈಡು, ರಾಕರ್, ಕೆಲವೊಮ್ಮೆ ಪಿಸ್ಟನ್ ಸಹ ಹಾಳಾಗುತ್ತದೆ. ಡೀಸೆಲ್ ಎಂಜಿನುಗಳಲ್ಲಿ ಗಾಳಿಯನ್ನು ಅತಿ ಕಿರಿದಾದ ಜಾಗಕ್ಕೆ ಒತ್ತಬೇಕಾಗಿರುವುದರಿಂದ ಈ ಅಂತರ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಆದಕಾರಣ ಡೀಸೆಲ್ ವಾಹನದಲ್ಲಿ ಟೈಮಿಂಗ್ ಬೆಲ್ಟ್ ತುಂಡಾಯಿತೆಂದರೆ ಸಿಲಿಂಡರ್ ಹೆಡ್ ಇಳಿಸುವ ಕೆಲಸ ಬಂದಿತೆಂದೇ ಭಾವಿಸಬೇಕು.

ಇನ್ನೊಂದು ಮಾತು. ಮೋಟಾರು ವಿಮೆಯ ಸಾಮಾನ್ಯ ಪಾಲಿಸಿಯು ಅಪಘಾತದ ಹಾನಿಯನ್ನು ತುಂಬಿಕೊಡುತ್ತದೆಯೇ ಹೊರತು ಯಾಂತ್ರಿಕ ವೈಫಲ್ಯವನ್ನಲ್ಲ. ಬೆಲ್ಟು ತುಂಡಾಗಿ ಎಂಜಿನ್ ಹಾಳಾದರೆ ಆ ಹೊರೆ ಮಾಲೀಕರದೇ.

ಎಣಿಸುವುದು ಹೇಗೆ?

ಹಲವು ತಯಾರಕರು ಟೈಮಿಂಗ್ ಬೆಲ್ಟಿಗೆ 60,000ದಿಂದ 1,00,000 ಕಿ.ಮೀ. ಅಂತರವನ್ನು, ಕೆಲವರು ಅದಕ್ಕಿಂತ ಹೆಚ್ಚಿನದನ್ನು, ಜೊತೆಗೆ ಇಂತಿಷ್ಟು ವರ್ಷಗಳೆಂಬ ಮಿತಿಯನ್ನು ಕೈಪಿಡಿಯಲ್ಲಿ ಸೂಚಿಸಿರುತ್ತಾರೆ. ಎರಡರಲ್ಲಿ ಯಾವುದು ಮೊದಲು ಬರುವುದೋ ಅದೇ ಗಡುವು. ಕಡಿಮೆ ಓಡಿದ ವಾಹನವಾದರೂ ರಬ್ಬರಿಗೆ ವಯಸ್ಸಾಗುವುದು ತಪ್ಪದು. ಆದ್ದರಿಂದ ‘ನನ್ನ ವಾಹನ ಇನ್ನೂ 30,000 ಓಡಿಲ್ಲ’ ಎಂಬ ಸಮಾಧಾನ ಎಂಟು ವರ್ಷದ ಬೆಲ್ಟಿಗೆ ಅನ್ವಯಿಸುವುದಿಲ್ಲ.

ಕಿಲೋಮೀಟರಿನ ಲೆಕ್ಕವೂ ಪೂರ್ಣ ಸತ್ಯವನ್ನು ಹೇಳುವುದಿಲ್ಲ. ಬೆಲ್ಟು ದಣಿಯುವುದು ಚಕ್ರಗಳ ಸುತ್ತಿನಿಂದಲ್ಲ, ಎಂಜಿನಿನ ಸುತ್ತಿನಿಂದ. ಒಂದು ವಾಹನ ಹೆದ್ದಾರಿಯಲ್ಲಿ ಗಂಟೆಗೆ ಸರಾಸರಿ 50 ಕಿ.ಮೀ. ವೇಗದಲ್ಲಿ, ಎಂಜಿನ್ ನಿಮಿಷಕ್ಕೆ 2500 ಸುತ್ತು ತಿರುಗುತ್ತ ಓಡುತ್ತದೆ ಎಂದುಕೊಳ್ಳೋಣ. 1,00,000 ಕಿ.ಮೀ. ಮುಗಿಸುವಾಗ ಎಂಜಿನ್ 30 ಕೋಟಿ ಸುತ್ತು ತಿರುಗಿರುತ್ತದೆ. ಇನ್ನೊಂದು ವಾಹನ ಬೆಂಗಳೂರಿನಂತಹ ನಗರದಲ್ಲಿ ಅಂಗಡಿಯಿಂದ ಅಂಗಡಿಗೆ ಸರಕು ಇಳಿಸುತ್ತ, ಸಿಗ್ನಲುಗಳಲ್ಲಿ ನಿಲ್ಲುತ್ತ, ಸರಾಸರಿ 15 ಕಿ.ಮೀ. ವೇಗದಲ್ಲಿ, 1200 ಸುತ್ತಿನಲ್ಲಿ ಸಾಗುತ್ತದೆ ಎಂದುಕೊಂಡರೆ ಅದೇ ದೂರಕ್ಕೆ 48 ಕೋಟಿ ಸುತ್ತು. ಮೀಟರಿನಲ್ಲಿ ಎರಡೂ ಒಂದೇ ಸಂಖ್ಯೆ ತೋರಿಸುತ್ತವೆ. ಬೆಲ್ಟಿನ ಮೇಲೆ ಬಿದ್ದ ಹೊರೆ ಮಾತ್ರ ಒಂದೂವರೆ ಪಟ್ಟಿಗೂ ಹೆಚ್ಚು. ನಗರ ಸಂಚಾರ, ಧೂಳು, ನಿರಂತರ ಭಾರ ಇವಿರುವೆಡೆ ಬೇಗನೆ ಬದಲಾಯಿಸಬೇಕೆಂದು ಅನೇಕ ಕೈಪಿಡಿಗಳು ಹೇಳುವುದು ಈ ಕಾರಣದಿಂದಲೇ.

ಇನ್ನೋವಾದ ಈ ಡೀಸೆಲ್ ಎಂಜಿನಿನ ವಾಹನದಲ್ಲಿ ಗಡುವು ಬಂದಾಗ ಡ್ಯಾಶ್‌ಬೋರ್ಡಿನಲ್ಲಿ ‘ಟಿ-ಬೆಲ್ಟ್’ ಎಂಬ ದೀಪ ಉರಿಯುವ ವ್ಯವಸ್ಥೆಯಿತ್ತು. ಆ ದೀಪ ಬೆಲ್ಟನ್ನು ಪರೀಕ್ಷಿಸಿ ಉರಿಯುವುದಿಲ್ಲ. ನಿಗದಿತ ಕಿಲೋಮೀಟರು ತುಂಬಿತೆಂದು ಉರಿಯುತ್ತದೆ. ತಯಾರಕರೂ ಈ ಬೆಲ್ಟನ್ನು ಎಣಿಸಿಯೇ ಬದಲಾಯಿಸಬೇಕೆಂದು ಬಗೆದಿದ್ದರು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಚೈನು, ಎಣ್ಣೆಯೊಳಗಿನ ಬೆಲ್ಟು, ಹೈಬ್ರಿಡ್

ಎಲ್ಲ ವಾಹನಗಳಲ್ಲಿಯೂ ಟೈಮಿಂಗ್ ಬೆಲ್ಟ್ ಇರುವುದಿಲ್ಲ. ಅಂಬಾಸಡರಿನಲ್ಲಿ ಚೈನು ಇತ್ತು. ಸ್ವಿಫ್ಟ್ ಮೊದಲಾದ ಕಾರುಗಳಲ್ಲಿ ಹೆಸರಾದ 1.3 ಲೀಟರ್ ಡೀಸೆಲ್ ಎಂಜಿನ್, ಮಾರುತಿಯ ಕೆ-ಸರಣಿಯ ಪೆಟ್ರೋಲ್ ಎಂಜಿನುಗಳು, 2016ರ ನಂತರದ ಇನ್ನೋವಾ ಕ್ರಿಸ್ಟಾದ 2.4 ಲೀಟರ್ ಡೀಸೆಲ್ ಎಂಜಿನ್ ಚೈನಿನವು. ಚೈನಿಗೆ ಸಾಮಾನ್ಯವಾಗಿ ಬದಲಾವಣೆಯ ಗಡುವಿಲ್ಲ. ಆದರೆ ಅದು ಎಂಜಿನ್ ಆಯಿಲಿನಲ್ಲಿ ಮೀಯುತ್ತ ಬದುಕುವಂತಹದು. ಆಯಿಲ್ ಬದಲಾವಣೆಯನ್ನು ಮುಂದೂಡುತ್ತ ಹೋದರೆ ಚೈನು ಸವೆದು ಉದ್ದವಾಗಿ ಸದ್ದು ಮಾಡತೊಡಗುತ್ತದೆ.

ಇವೆರಡರ ನಡುವೆ ಮೂರನೆಯದೊಂದಿದೆ: ಎಂಜಿನ್ ಆಯಿಲಿನೊಳಗೇ ಓಡುವ ಹಲ್ಲಿನ ಬೆಲ್ಟು. 2013ರಲ್ಲಿ ಭಾರತಕ್ಕೆ ಬಂದ ಫೋರ್ಡ್ ಇಕೋಸ್ಪೋರ್ಟಿನ 1 ಲೀಟರ್ ಇಕೋಬೂಸ್ಟ್ ಪೆಟ್ರೋಲ್ ಎಂಜಿನ್ ಈ ಬಗೆಯದು. ಇಂತಹ ಬೆಲ್ಟು ತಯಾರಕರು ಸೂಚಿಸಿದ ಆಯಿಲಿಗೆ ಮಾತ್ರ ಒಗ್ಗುತ್ತದೆ. ಬೇರೆ ದರ್ಜೆಯ ಆಯಿಲ್ ಹಾಕಿದರೆ ಅಥವಾ ಹಳೆಯದನ್ನೇ ಓಡಿಸಿದರೆ ರಬ್ಬರು ಉದುರಿ, ಆ ಚೂರುಗಳು ಆಯಿಲ್ ಜರಡಿಯನ್ನು ಕಟ್ಟಿ, ಎಂಜಿನಿಗೆ ಆಯಿಲೇ ಸಿಗದಂತಾಗುತ್ತದೆ. ಇಲ್ಲಿ ಅಗ್ಗದ ಆಯಿಲ್ ದುಬಾರಿಯಾಗುತ್ತದೆ.

ಹಿಡಿತದ ಬೆಲ್ಟಿನ ಹೊಣೆಯೂ ಹೆಚ್ಚಿದೆ. 2015ರಲ್ಲಿ ಮಾರುತಿ ಸಿಯಾಜ್ ಡೀಸೆಲ್ಲಿನಲ್ಲಿ ಬಂದ ಲಘು ಹೈಬ್ರಿಡ್ ವ್ಯವಸ್ಥೆಯಲ್ಲಿ ಆಲ್ಟರ್ನೇಟರಿನ ಸ್ಥಾನದಲ್ಲಿರುವ ಯಂತ್ರವೇ ಮೋಟಾರಾಗಿಯೂ ದುಡಿಯುತ್ತದೆ. ಎಂಜಿನಿನಿಂದ ಶಕ್ತಿ ಪಡೆಯುತ್ತಿದ್ದ ಬೆಲ್ಟು ಇಲ್ಲಿ ಎಂಜಿನಿಗೆ ಶಕ್ತಿ ಕೊಡುತ್ತದೆ. ನಿಂತ ಎಂಜಿನನ್ನು ಮತ್ತೆ ಚಾಲೂ ಮಾಡುತ್ತದೆ. ಎರಡೂ ದಿಕ್ಕಿನ ಎಳೆತವನ್ನು ತಾಳಬೇಕಾದುದರಿಂದ ಅಂತಹ ವಾಹನಕ್ಕೆ ಸಾಮಾನ್ಯ ಬೆಲ್ಟು ಹಾಕುವುದು ಸಲ್ಲದು. ಪೂರ್ಣ ವಿದ್ಯುತ್ ವಾಹನಗಳಲ್ಲಿ ಎಂಜಿನೇ ಇಲ್ಲವಾದ್ದರಿಂದ ಈ ಲೇಖನದ ಯಾವ ಬೆಲ್ಟೂ ಅಲ್ಲಿ ಬೇಕಾಗುವುದಿಲ್ಲ.

ಬದಲಾಯಿಸುವಾಗ, ಹಳೆಯ ವಾಹನ ಕೊಳ್ಳುವಾಗ

ಟೈಮಿಂಗ್ ಬೆಲ್ಟ್ ಬದಲಾವಣೆಯಲ್ಲಿ ಬೆಲ್ಟಿನ ಬೆಲೆಗಿಂತ ಬಿಚ್ಚಿ ಜೋಡಿಸುವ ಕೂಲಿಯೇ ಹೆಚ್ಚು. ಆದ್ದರಿಂದ ಟೆನ್ಷನರ್, ಐಡ್ಲರ್ ಬೇರಿಂಗು, ಟೈಮಿಂಗ್ ಬೆಲ್ಟಿನಿಂದಲೇ ತಿರುಗುವ ನೀರಿನ ಪಂಪಿದ್ದರೆ ಅದು, ಸೋರುತ್ತಿರುವ ಆಯಿಲ್ ಸೀಲು ಇವನ್ನು ಜೊತೆಯಲ್ಲಿಯೇ ಬದಲಾಯಿಸುವುದು ಜಾಣತನ. ಹಳೆಯ ಟೆನ್ಷನರಿನ ಬೇರಿಂಗು ಹಿಡಿದುಕೊಂಡರೆ ಹೊಸ ಬೆಲ್ಟೂ ಹೋಗುತ್ತದೆ. ಹೊರಗೆ ಓಡುವ ಬೆಲ್ಟಿಗೆ ಆಯಿಲ್ ತಗುಲಿದರೆ ರಬ್ಬರು ಮೆತ್ತಗಾಗಿ ಹಲ್ಲು ಕಿತ್ತುಬರುತ್ತದೆ. ಜೋಡಿಸಿದ ಮೇಲೆ ಎಂಜಿನನ್ನು ಕೈಯಿಂದ ಪೂರ್ಣ ಎರಡು ಸುತ್ತು ತಿರುಗಿಸಿ ಗುರುತುಗಳು ಮತ್ತೆ ಎದುರುಬದುರಾಗಿ ನಿಲ್ಲುವುದನ್ನು ನೋಡಿಯೇ ಚಾಲೂ ಮಾಡಬೇಕು. ಈ ಐದು ನಿಮಿಷದ ಪರೀಕ್ಷೆಯನ್ನು ಬಿಡದ ಮೆಕ್ಯಾನಿಕ್ಕನ ಕೈಗೆ ಕೆಲಸ ಒಪ್ಪಿಸಿರಿ.

ಹಳೆಯ ವಾಹನ ಕೊಂಡಾಗ ಬೆಲ್ಟು ಬದಲಾಯಿಸಿದ ಬಿಲ್ಲು ತೋರಿಸಲು ಕೇಳಬೇಕು. ಬಿಲ್ಲಿಲ್ಲದಿದ್ದರೆ ಬದಲಾಗಿಲ್ಲವೆಂದೇ ತಿಳಿದು, ಆ ಖರ್ಚನ್ನು ಚೌಕಾಸಿಯಲ್ಲಿ ಕಳೆದು, ಮೊದಲ ಕೆಲಸವಾಗಿ ಹೊಸದನ್ನು ಹಾಕಿಸುವುದು ಕ್ಷೇಮ. ಮೀಟರನ್ನು ಹಿಂದಕ್ಕೆ ತಿರುಗಿಸಿದ ವಾಹನದಲ್ಲಿ ಕಿಲೋಮೀಟರಿನ ಲೆಕ್ಕ ನಂಬಲರ್ಹವಲ್ಲ.

ಬಿಡಿಭಾಗ ವರ್ತಕರಿಗೂ ಕಾರ್ಖಾನೆಗಳಿಗೂ ಒಂದೆರಡು ಮಾತು

ಬೆಲ್ಟುಗಳನ್ನು ಬಿಸಿಲು, ತೇವ, ಎಣ್ಣೆ ತಾಗದ ತಂಪಾದ ಜಾಗದಲ್ಲಿ ದಾಸ್ತಾನು ಮಾಡಬೇಕು. ಮೊದಲು ಬಂದ ಸರಕು ಮೊದಲು ಹೋಗಬೇಕು. ಗೋಡೆಯ ಸಣ್ಣ ಮೊಳೆಗೆ ತಿಂಗಳುಗಟ್ಟಲೆ ನೇತುಹಾಕಿದರೆ ಮೊಳೆ ತಾಗಿದಲ್ಲಿ ಬೆಲ್ಟು ಮುರಿಬಾಗುತ್ತದೆ. ಟೈಮಿಂಗ್ ಬೆಲ್ಟನ್ನು ಮಡಿಚುವುದಾಗಲಿ, ಒಳಹೊರಗು ಮಾಡುವುದಾಗಲಿ, ಗಂಟಿನಂತೆ ಸುತ್ತುವುದಾಗಲಿ ಕೂಡದು. ಗಾಜಿನ ನಾರು ಒಳಗೇ ಮುರಿಯುತ್ತದೆ, ಹೊರಗೆ ಗುರುತು ಕಾಣುವುದಿಲ್ಲ. ಹೆಸರಾಂತ ಕಂಪೆನಿಗಳ ಹೆಸರಿನಲ್ಲಿ ಬರುವ ನಕಲಿ ಬೆಲ್ಟುಗಳ ಬಗ್ಗೆ ಎಚ್ಚರ ಅಗತ್ಯ. ನಕಲಿ ಚಿಹ್ನೆಯ ಸರಕನ್ನು ಮಾರುವುದು 1999ರ ವ್ಯಾಪಾರ ಚಿಹ್ನೆ ಕಾಯಿದೆಯಡಿ ಶಿಕ್ಷಾರ್ಹ. ಅಧಿಕೃತ ವಿತರಕರಿಂದ ಬಿಲ್ಲಿನೊಡನೆ ಕೊಂಡು, ಗ್ರಾಹಕರಿಗೂ ಬಿಲ್ಲು ಕೊಡುವ ಅಂಗಡಿಗೆ ಈ ಭಯವಿಲ್ಲ.

ಕಂಪ್ರೆಸರ್, ಗಿರಣಿ, ಲೇತ್ ಯಂತ್ರಗಳಲ್ಲಿ ಓಡುವ ವಿ-ಬೆಲ್ಟುಗಳಿಗೂ ಇದೇ ನಿಯಮಗಳು ಅನ್ವಯಿಸುತ್ತವೆ. ಒಂದು ಪುಲ್ಲಿಯ ಮೇಲೆ ಮೂರು ನಾಲ್ಕು ಬೆಲ್ಟುಗಳಿದ್ದು ಒಂದು ಹೋದಾಗ ಅದೊಂದನ್ನೇ ಬದಲಾಯಿಸಿದರೆ, ಹಿಗ್ಗಿದ ಹಳೆಯವು ಸಡಿಲಾಗಿ, ಹೊರೆಯೆಲ್ಲ ಹೊಸದರ ಮೇಲೆ ಬೀಳುತ್ತದೆ. ಇಡೀ ಜೊತೆಯನ್ನೇ ಬದಲಾಯಿಸಬೇಕು.

ಕೊನೆಯದಾಗಿ, ಪ್ರತಿಯೊಬ್ಬ ವಾಹನ ಮಾಲೀಕರೂ ಈ ವಾರವೇ ಮಾಡಬಹುದಾದ ಕೆಲಸ ಒಂದಿದೆ. ತಮ್ಮ ವಾಹನದ ಕೈಪಿಡಿಯನ್ನು ತೆರೆದು, ಅದರಲ್ಲಿರುವುದು ಟೈಮಿಂಗ್ ಬೆಲ್ಟೋ ಚೈನೋ, ಬೆಲ್ಟಾದರೆ ಗಡುವು ಎಷ್ಟು ಕಿಲೋಮೀಟರು, ಎಷ್ಟು ವರ್ಷ ಎಂಬುದನ್ನು ನೋಡಿಕೊಳ್ಳುವುದು. ಬಳಿಕ ಲೆಕ್ಕದ ಪುಸ್ತಕದ ವಾಹನದ ಪುಟದಲ್ಲಿ ವಿಮೆಯ ದಿನಾಂಕದ ಕೆಳಗೆ ಎರಡು ಸಾಲು ಸೇರಿಸುವುದು: ಬೆಲ್ಟು ಬದಲಾಯಿಸಿದ ದಿನಾಂಕ ಮತ್ತು ಕಿಲೋಮೀಟರು, ಮುಂದಿನ ಬದಲಾವಣೆಯ ದಿನಾಂಕ ಮತ್ತು ಕಿಲೋಮೀಟರು. ವಿಮೆಯ ಕಂತನ್ನು ನಾವು ಅಪಘಾತವಾಗುವವರೆಗೆ ಕಾದು ಕಟ್ಟುವುದಿಲ್ಲವಷ್ಟೆ? ಟೈಮಿಂಗ್ ಬೆಲ್ಟಿನ ಖರ್ಚನ್ನೂ ಅದೇ ಸಾಲಿಗೆ ಸೇರಿಸಿಕೊಂಡರೆ ವಾಹನವೂ ವ್ಯಾಪಾರವೂ ನಿಲ್ಲದೆ ಸಾಗುತ್ತವೆ.